ದಾನಕ್ಕೆ ಹೋದ ಮಂಚ

ಕೊಟ್ಟ ಮಂಚವನ್ನು ವಾಪಸ್ ಕೇಳುವುದಕ್ಕೂ ಒಂದು ಕ್ರಮವಿದೆ. ಫೋನ್ ಮಾಡಿದ ಕೂಡಲೇ "ಯಜಮಾನರು ಹೇಗಿದ್ದಾರೆ?" ಎಂದು ಕೇಳಬಾರದು, ನಮ್ಮ ಕೆಲಸದಲ್ಲಿ ಆ ಪ್ರಶ್ನೆಗೆ ಬಹಳ ಸಲ ಬರುವ ಉತ್ತರ ಅಳು. ಮನೆಯವರೆಲ್ಲ ಹೇಗಿದ್ದೀರಿ ಎಂದು ಸುತ್ತಿ ಬಳಸಿ ಶುರು ಮಾಡಬೇಕು. ಹೋದರು ಎಂದು ತಿಳಿದರೆ ಮಂಚದ ಮಾತೆತ್ತದೆ ಫೋನ್ ಇಡಬೇಕು. ವೈಕುಂಠ ಸಮಾರಾಧನೆ ಮುಗಿಯುವ ತನಕ ಆ ಬೀದಿಯ ಕಡೆಗೂ ತಲೆ ಹಾಕಬಾರದು. ಆಮೇಲೆ ಸಾಮಾನ್ಯವಾಗಿ ಅವರೇ ಫೋನ್ ಮಾಡುತ್ತಾರೆ, ಮಂಚ ಕಣ್ಣಿಗೆ ಬೀಳದ ಹಾಗೆ ಬೇಗ ತೆಗೆದುಕೊಂಡು ಹೋಗಿ ಎಂದು.

ನಮ್ಮದು ಚಾಮರಾಜಪೇಟೆಯ ಹಳೆಯ ಮಹಿಳಾ ಸಮಾಜ. ಹೊಲಿಗೆ ತರಗತಿ, ಬಡ ಮಕ್ಕಳಿಗೆ ಪುಸ್ತಕ, ಆಗಾಗ ಕಣ್ಣಿನ ತಪಾಸಣೆ ಇವೆಲ್ಲ ಮುಂದಿನ ಹಾಲಿನಲ್ಲಿ ನಡೆಯುತ್ತವೆ. ಅಡುಗೆಮನೆಯ ಹಿಂದಿನ ಕೋಣೆ ನನ್ನದು. ಅಲ್ಲಿ ರೋಗಿಗಳಿಗೆ ಬೇಕಾದ ಸಲಕರಣೆಗಳಿವೆ: ತಲೆಯ ಕಡೆ ಎತ್ತರಿಸಬಹುದಾದ ಮಂಚಗಳು, ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆ. ಬೇಕಾದವರು ಒಯ್ಯಬಹುದು, ಬಾಡಿಗೆ ಇಲ್ಲ. ವಾಪಸ್ ಬಂದದ್ದನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಟೆರೇಸಿನ ಬಿಸಿಲಿಗೆ ಹಾಕಿ, ಮಂಚದ ತಿರುಪಿಗೆ ಗ್ರೀಸ್ ಹಚ್ಚಿ, ವಾಕರಿನ ಕಾಲಿಗೆ ಹೊಸ ರಬ್ಬರ್ ಹಾಕಿ ಇಡುವವಳು ನಾನು. ಕೀಲಿ ನನ್ನ ಸೊಂಟದಲ್ಲಿ. ಆ ಕೋಣೆಯ ಫೋಟೊ ಯಾರೂ ತೆಗೆಯುವುದಿಲ್ಲ. ಕಮೋಡ್ ಕುರ್ಚಿಯ ಪಕ್ಕ ನಿಂತು ಯಾರು ನಗುತ್ತಾರೆ?

ಫೋಟೊಗಳೆಲ್ಲ ಹೊಸ ಕಾರ್ಯದರ್ಶಿಯವು. ಆಕೆ ಪೇಟೆಯ ಜವಳಿ ವ್ಯಾಪಾರದ ಮನೆತನದವಳು, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಬಂದ ಕೆಲವೇ ತಿಂಗಳಲ್ಲಿ ಎಲ್ಲ ಸದಸ್ಯೆಯರ ಮೊಮ್ಮಕ್ಕಳ ಹೆಸರು ಬಾಯಿಪಾಠ ಮಾಡಿಕೊಂಡಳು. ಯಾರ ಮಂಡಿ ನೋವು ಎಡಗಾಲಿನದು, ಯಾರದು ಬಲಗಾಲಿನದು ಎಂಬುದೂ ಆಕೆಗೆ ಗೊತ್ತು. ಆಕೆ ಒಳಗೆ ಬಂದರೆ ಹಾಲಿನಲ್ಲಿ ಕುರ್ಚಿಗಳು ಸರಿಯುತ್ತವೆ. ನಾನು ಒಳಗೆ ಬಂದರೆ ಯಾರದೋ ಮನೆಗೆ ವಾಕರ್ ಬೇಕಾಗಿದೆಯಂತೆ ಎಂದು ಮಾತು ಶುರುವಾಗುತ್ತದೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಮ್ಮನೆ ಸಣ್ಣಗೆ ಅಲ್ಲ, ಊಟ ಸೇರದಷ್ಟು ಉರಿಯುತ್ತಿತ್ತು.

ಆಕೆ ಮಾಡಿದ ಮೊದಲ ಸಲಹೆಯೇ ನನ್ನ ಕೋಣೆಯ ಬಗ್ಗೆ. ಎಲ್ಲ ಸಲಕರಣೆಗಳ ಮೇಲೂ ಸಮಾಜದ ಹೆಸರಿನ ದೊಡ್ಡ ಸ್ಟಿಕರ್ ಅಂಟಿಸೋಣ ಎಂದಳು. ನಾನು ಎದ್ದು ನಿಂತು ಬೇಡವೆಂದೆ. ಮನೆಗೆ ಬಂದ ನೆಂಟರ ಕಣ್ಣಿಗೆ ಇದು ಧರ್ಮದ ಮಂಚ ಎಂದು ಬೀಳಬಾರದು, ಅದಕ್ಕೇ ಹೆಸರನ್ನು ಮಂಚದ ತಳದ ಪಟ್ಟಿಯ ಮೇಲೆ ಬರೆಸಿದ್ದೇನೆ ಎಂದೆ. ಆಕೆ ಮರುಮಾತಿಲ್ಲದೆ ಒಪ್ಪಿದಳು. ವಾದಕ್ಕೆ ನಿಂತಿದ್ದರೆ ನನಗೆ ಇನ್ನೂ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ನಮ್ಮ ಹೊಲಿಗೆ ಟೀಚರ್ ಬಚ್ಚಲಲ್ಲಿ ಜಾರಿ ಬಿದ್ದರು. ಈ ಬಡಾವಣೆಯ ಅರ್ಧ ಹೆಂಗಸರಿಗೆ ರವಿಕೆ ಕತ್ತರಿಸುವುದನ್ನು ಕಲಿಸಿದವರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಶುಕ್ರವಾರ ಮನೆಗೆ ಕಳಿಸುತ್ತೇವೆ, ಆದರೆ ತಲೆಯ ಕಡೆ ಏರಿಸುವ ಎತ್ತರದ ಮಂಚ ಇರಲೇಬೇಕು, ನೆಲದ ಮೇಲೆ ಹಾಸಿಗೆ ಹಾಕಿದರೆ ಎಬ್ಬಿಸುವಾಗ ಕೀಲು ಜರುಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರ ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ನಡುವೆ ಗಕ್ಕನೆ ತಿರುಗುತ್ತದೆ. ಸಾಮಾನ್ಯ ಆಸ್ಪತ್ರೆ ಮಂಚದ ಕಬ್ಬಿಣದ ಚೌಕಟ್ಟು ಒಂದೇ ತುಂಡು, ಆ ತಿರುವಿನಲ್ಲಿ ಅದು ಹೊರಳುವುದಿಲ್ಲ. ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯೋಣವೆಂದರೆ ಎದುರಿಗೇ ವಿದ್ಯುತ್ ತಂತಿ.

ಇಂಥ ಮನೆಗಳಿಗಾಗಿಯೇ ನಾನು ಒಂದು ಮಂಚ ಮಾಡಿಸಿದ್ದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವನ ಎದುರು ಕೂತು, ಚೌಕಟ್ಟನ್ನು ನಡುವೆ ಕೊಯ್ಸಿ, ಬೋಲ್ಟ್ ಹಾಕಿ ಜೋಡಿಸುವ ಹಾಗೆ ಮಾಡಿಸಿದ್ದು. ಅಂಥದ್ದು ಇದ್ದದ್ದು ಅದೊಂದೇ. ಅದು ತ್ಯಾಗರಾಜನಗರದ ಒಂದು ಮನೆಯಲ್ಲಿತ್ತು. ಆ ಮನೆಯ ಹಿರಿಯರು ತೀರಿಕೊಂಡಿದ್ದರು, ವೈಕುಂಠವೂ ಮುಗಿದಿತ್ತು.

ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಟೀಚರ್ ವಿಷಯ ಬಂದಾಗ ಕಾರ್ಯದರ್ಶಿ, ತನಗೆ ಗೊತ್ತಿರುವ ಒಬ್ಬ ದಾನಿಯಿಂದ ಹೊಸ ಮಂಚ ತರಿಸುತ್ತೇನೆ ಎಂದಳು. ಹೊಸ ಮಂಚ ಮೆಟ್ಟಿಲು ಹತ್ತುವುದಿಲ್ಲ ಎಂದು ನಾನು ಹೇಳಿದೆ. ಹೇಳುವಾಗ ನನಗಾದ ಖುಷಿಯನ್ನು ಮುಚ್ಚಿಡಲಿಲ್ಲ. ಟೀಚರ್ ಮನೆ ಸೇರುವ ಮೊದಲು ನನ್ನ ಮಂಚ ಅಲ್ಲಿರುತ್ತದೆ ಎಂದೂ ಮಾತು ಕೊಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಿಮಗೂ ಸಾಕಾಗಿರುತ್ತೆ. ಈ ಸಲ ಆದ್ಮೇಲೆ ಆ ಕೋಣೆ ನಾವು ಚಿಕ್ಕೋರು ನೋಡ್ಕೊಳ್ತೀವಿ, ನೀವು ಆರಾಮಾಗಿರಿ."

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಎಷ್ಟು ಕಾಳಜಿ ನೋಡಿ ಎಂದು ಖಜಾಂಚಿ ಬೇರೆ ಅಂದರು. ಮುಂದಿನ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದಾಯಿತು. ಮನೆಗೆ ನಡೆದು ಬರುವಾಗ ಸೊಂಟದ ಕೀಲಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ. ಈ ಮಂಚ ಶುಕ್ರವಾರದೊಳಗೆ ಮೆಟ್ಟಿಲು ಹತ್ತಿದರೆ ಕೋಣೆ ನನ್ನದು, ಇಲ್ಲದಿದ್ದರೆ ಹೋಯಿತು ಎಂಬುದು ನನಗೆ ಸ್ಪಷ್ಟವಾಗಿತ್ತು.

ಮರುದಿನವೇ ತ್ಯಾಗರಾಜನಗರಕ್ಕೆ ಹೋದೆ. ಬಾಗಿಲು ತೆಗೆದದ್ದು ತೀರಿಕೊಂಡವರ ಕಿರಿಯ ಮಗ. ಕಾಫಿ ಕೊಟ್ಟರು, ಅಪ್ಪ ಆ ಮಂಚದ ಮೇಲೆ ಎಷ್ಟು ನೆಮ್ಮದಿಯಾಗಿ ಮಲಗುತ್ತಿದ್ದರು ಎಂದು ಹೇಳಿದರು. ಆಟೊ ತರಿಸಿ ಮಂಚ ಒಯ್ಯುತ್ತೇನೆ ಎಂದಾಗ ಅವರ ಮುಖ ಬಿಳಿಚಿಕೊಂಡಿತು.

"ಮೇಡಂ, ಅದನ್ನ ಶಯ್ಯಾದಾನದಲ್ಲಿ ಕೊಟ್ಬಿಟ್ವಲ್ಲ."

ತಿಳಿಯದವರಿಗೆ ಹೇಳುತ್ತೇನೆ. ನಮ್ಮಲ್ಲಿ ಸತ್ತವರ ಪ್ರಯಾಣ ಸುಖವಾಗಲೆಂದು ಕರ್ಮದ ಕೊನೆಯಲ್ಲಿ ಒಬ್ಬ ಬ್ರಾಹ್ಮಣರಿಗೆ ಮಂಚ, ಹಾಸಿಗೆ, ದಿಂಬು, ಛತ್ರಿ, ಚಪ್ಪಲಿ ದಾನ ಕೊಡುತ್ತಾರೆ. ಈಗೀಗ ಬಹಳ ಜನ ಮಂಚದ ಬದಲು ದಕ್ಷಿಣೆ ಇಟ್ಟು ಮುಗಿಸುತ್ತಾರೆ. ಈ ಮನೆಯವರು ಕಟ್ಟುನಿಟ್ಟು. ಮೈಸೂರಿನಿಂದ ಬಂದ ಹಿರಿಯ ಮಗ, ಅಪ್ಪ ಕಡೆಗಾಲದಲ್ಲಿ ಮಲಗಿದ ಮಂಚವನ್ನೇ ಕೊಡೋಣ, ಅದಕ್ಕಿಂತ ಶ್ರೇಷ್ಠ ಯಾವುದಿದೆ ಎಂದರಂತೆ. ಅದು ಸಮಾಜದಿಂದ ತಂದ ಮಂಚ ಎಂದು ಅವರಿಗೆ ಗೊತ್ತಿರಲಿಲ್ಲ. ಕಿರಿಯವರು ಆಗ ಹೊರಗೆ ಅಡುಗೆಯವರ ಜೊತೆ ಮಾತಿನಲ್ಲಿದ್ದರು. ಮಂಚದ ಮೇಲೆ ಹೆಸರು ಇರಲಿಲ್ಲವೇ ಎಂದರೆ, ಇತ್ತು, ತಳದ ಪಟ್ಟಿಯ ಮೇಲೆ, ಯಾರಿಗೂ ಕಾಣದ ಹಾಗೆ. ದೊಡ್ಡ ಸ್ಟಿಕರ್ ಒಂದಿದ್ದಿದ್ದರೆ ಈ ಅನಾಹುತ ಆಗುತ್ತಲೇ ಇರಲಿಲ್ಲ. ಅದು ಹೊಳೆದ ಕ್ಷಣ ನನಗೆ ಮಂಚ ಹೋದದ್ದಕ್ಕಿಂತ ಆಕೆಯ ಮಾತು ನಿಜವಾದದ್ದೇ ಹೆಚ್ಚು ಚುಚ್ಚಿತು. ಅತ್ತೆ ಸೊತ್ತು ಅಳಿಯ ದಾನ ಮಾಡಿದ ಹಾಗಾಯಿತು, ಅದಕ್ಕೆ ದಾರಿ ಮಾಡಿಕೊಟ್ಟವಳೂ ನಾನೇ.

ಹೊಸದು ಮಾಡಿಸಿಕೊಡುತ್ತೇನೆ ಎಂದು ಕಿರಿಯ ಮಗ ಕೈಮುಗಿದರು. ಅಲ್ಲಿಂದಲೇ ವೆಲ್ಡಿಂಗ್ ಅಂಗಡಿಗೆ ಫೋನ್ ಮಾಡಿದೆ. ಗೇಟುಗಳ ಕೆಲಸ ರಾಶಿ ಬಿದ್ದಿದೆ, ಅಷ್ಟು ಬೇಗ ಆಗುವುದಿಲ್ಲ ಎಂದನು. ದಾನ ಹಿಡಿದ ಶಾಸ್ತ್ರಿಗಳ ವಿಳಾಸ ಕೇಳಿದೆ. ಒಳಗಿನ ಕೋಣೆಯ ಬಾಗಿಲಲ್ಲಿ ಕಿರಿಯ ಮಗನ ತಾಯಿ ನಿಂತಿದ್ದದ್ದು ನನಗೆ ಆಗ ಕಂಡಿತು.

"ಕೊಟ್ಟಿದ್ದನ್ನ ವಾಪಸ್ ಕೇಳ್ತೀರೇನಮ್ಮಾ?" ಎಂದರು. "ಅವರು ಅಲ್ಲಿ ನೆಲದ ಮೇಲೆ ಮಲಗ್ಬೇಕಾ ಹಾಗಾದ್ರೆ?"

ಮಂಚ ಸಿಗದಿದ್ದರೆ ಇಲ್ಲಿ ಟೀಚರ್ ನೆಲದ ಮೇಲೆ ಮಲಗಬೇಕಾಗುತ್ತದೆ ಎಂದು ಆ ತಾಯಿಗೆ ಹೇಳುವುದು ಹೇಗೆ? ನಾನೂ ಅದೇ ನಂಬಿಕೆಯಲ್ಲಿ ಬೆಳೆದವಳು. ನನ್ನ ಅಪ್ಪನ ಹೆಸರಲ್ಲಿ ಕೊಟ್ಟ ಹಾಸಿಗೆಯನ್ನು ಯಾರಾದರೂ ವಾಪಸ್ ತಂದಿದ್ದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಮಂಚ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ವಿಳಾಸ ಮಾತ್ರ ತೆಗೆದುಕೊಂಡು ಹೊರಬಿದ್ದೆ.

ಶಾಸ್ತ್ರಿಗಳ ಮನೆ ನಮ್ಮ ಸಮಾಜದಿಂದ ನಾಲ್ಕು ಬೀದಿ ಆಚೆ. ಅದೂ ಚಾಮರಾಜಪೇಟೆಯೇ. ಗುರುವಾರ ಬೆಳಿಗ್ಗೆ ಹೋದಾಗ ಅವರು ಸಂಧ್ಯಾವಂದನೆ ಮುಗಿಸಿ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ನನ್ನ ಮಂಚ ಎರಡು ತುಂಡಾಗಿ ಗೋಡೆಗೆ ಒರಗಿತ್ತು. ಬೋಲ್ಟುಗಳಿದ್ದ ತೂತುಗಳಿಗೆ ಯಾರೋ ಸೆಣಬಿನ ಹಗ್ಗ ಬಿಗಿದಿದ್ದರು.

ವಿಷಯ ಹೇಳಿದೆ. ತಳದ ಪಟ್ಟಿಯನ್ನು ತಿರುಗಿಸಿ ಹೆಸರು ತೋರಿಸಿದೆ. ಶಾಸ್ತ್ರಿಗಳು ಕನ್ನಡಕ ಹಾಕಿಕೊಂಡು ಓದಿದರು. ಅವರಿಗೆ ಮಂಚದ ಮೇಲೆ ಆಸೆ ಇರಲಿಲ್ಲ. ಇಂಥ ದಾನ ಹಿಡಿಯುವುದೇ ಕಷ್ಟ, ಎಲ್ಲರೂ ಒಪ್ಪುವುದಿಲ್ಲ, ಹಿಡಿದವನು ಅದರ ದೋಷವನ್ನು ಜಪ ಮಾಡಿ ತೀರಿಸಬೇಕು, ತಾನು ಮಾಡಿದ್ದೇನೆ ಎಂದರು. ಅವರ ಕಷ್ಟ ಬೇರೆ. ನನ್ನ ಕೈಗೆ ಮಂಚ ಕೊಟ್ಟು ಕಳಿಸಿದರೆ ಆ ಹಿರಿಯರ ಹೆಸರಿನ ದಾನ ಮುರಿಯುತ್ತದೆ. ಇಟ್ಟುಕೊಂಡರೆ, ಕೊಟ್ಟವರದಲ್ಲದ ವಸ್ತು, ದಾನವೇ ಆಗಲಿಲ್ಲ. ಎರಡರಲ್ಲಿ ಯಾವುದಾದರೂ ಸತ್ತವರಿಗೆ ಮಂಚವಿಲ್ಲ. ನಾನು ಟೀಚರ್ ಸೊಂಟದ ಬಗ್ಗೆ ಹೇಳಿದೆ, ನಾಳೆ ಬರುತ್ತಾರೆ ಎಂದೆ, ಸ್ವಲ್ಪ ದನಿಯನ್ನೂ ಏರಿಸಿದೆ. ದನಿ ಏರಿಸಿದರೆ ಶಾಸ್ತ್ರ ಬದಲಾಗುವುದಿಲ್ಲ ಎಂದು ಅವರು ಮೆತ್ತಗೆ ಹೇಳಿದರು.

ಕೊನೆಗೆ ದಾರಿ ತೋರಿಸಿದವರೂ ಅವರೇ.

"ನೋಡಿ ತಾಯೀ, ವಸ್ತು ನಿಮ್ಮ ಸಮಾಜದ್ದು. ಸಮಾಜದೋರು ಬಂದು, ಆ ಹಿರಿಯರ ಹೆಸರಲ್ಲಿ ನಾವೇ ಮನಸಾರೆ ಕೊಟ್ವಿ ಅಂತ ನೀರು ಬಿಡ್ಲಿ. ದಾನ ಪೂರ್ತಿಯಾಯ್ತು, ಮಂಚ ನನ್ನದಾಯ್ತು. ಆಮೇಲೆ ಅದನ್ನ ನಮ್ಮ ತಾಯಿ ಹೆಸರಲ್ಲಿ ನಿಮ್ಮ ಸಮಾಜಕ್ಕೆ ನಾನು ಕೊಡ್ತೀನಿ. ಯಾರಿಗೂ ಯಾವುದೂ ವಾಪಸ್ ಹೋಗಲ್ಲ."

ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಈಗಲೇ ನೀರು ಬಿಡುತ್ತೇನೆ ಎಂದೆ. ನೀವು ಸಮಾಜದಲ್ಲಿ ಏನಾಗಿದ್ದೀರಿ ಎಂದು ಅವರು ಕೇಳಿದರು. ಸದಸ್ಯೆ ಎಂದೆ. ಸದಸ್ಯೆಯಾದರೆ ಆಗುವುದಿಲ್ಲ, ಕೊಡುವ ಅಧಿಕಾರ ಇರುವವರು ಬರಬೇಕು, ಅಧ್ಯಕ್ಷರೋ ಕಾರ್ಯದರ್ಶಿಯೋ ಎಂದರು. ನಮ್ಮ ಅಧ್ಯಕ್ಷೆ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದರು.

ಫೋನ್ ಮಾಡಿ ಬರುತ್ತೇನೆ ಎಂದು ಗೇಟಿನ ಹೊರಗೆ ಬಂದು ನಿಂತೆ. ಫೋನ್ ಮಾಡಲಿಲ್ಲ. ಕಾರ್ಯದರ್ಶಿಗೆ ಗೊತ್ತಾದರೆ ಮೊದಲು ಸ್ಟಿಕರಿನ ಮಾತು ನೆನಪಾಗುತ್ತದೆ. ಆಮೇಲೆ ಬರುತ್ತಾಳೆ, ಫೋಟೊ ಆಗುತ್ತದೆ, ಮಂಚ ತಂದವಳು ಆಕೆಯೇ ಆಗುತ್ತಾಳೆ. ಒಳಗೆ ಹೋಗಿ ನಾನೇ ಕಾರ್ಯದರ್ಶಿ ಎಂದುಬಿಟ್ಟರೆ? ಮೊದಲು ಸಂಕೋಚಕ್ಕೆ ಸದಸ್ಯೆ ಎಂದೆ ಎಂದರಾಯಿತು. ಈ ಮುದುಕರಿಗೆ ಗೊತ್ತಾಗುವುದು ಹೇಗೆ? ನಿಜ ಹೇಳಬೇಕೆಂದರೆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಗೇಟಿನ ಚಿಲಕಕ್ಕೆ ಕೈಯನ್ನೂ ಹಾಕಿದ್ದೆ. ತಡೆದದ್ದು ಒಳ್ಳೆಯತನವಲ್ಲ, ಭಯ. ಕಂಡವರ ವಸ್ತು ಕೊಟ್ಟು ಒಂದು ಸಲ ಕೆಟ್ಟ ದಾನವನ್ನು ನಾನು ಸುಳ್ಳು ಹೇಳಿ ಇನ್ನೊಂದು ಸಲ ಕೆಡಿಸಿದರೆ, ಬಾಗಿಲಲ್ಲಿ ನಿಂತ ಆ ತಾಯಿಯ ಮಾತು ನನ್ನನ್ನು ಬಿಡುತ್ತಿರಲಿಲ್ಲ. ಚಿಲಕ ಬಿಟ್ಟು ಫೋನ್ ಒತ್ತಿದೆ.

ಆಕೆ ಸ್ಟಿಕರಿನ ಮಾತು ಎತ್ತಲಿಲ್ಲ. ವಿಳಾಸ ಕೇಳಿದಳು, ಬರ್ತಿದೀನಿ ಅಕ್ಕಾ ಎಂದಳು, ಅಷ್ಟೇ. ಸ್ಕೂಟರಿನಲ್ಲಿ ಬಂದಳು. ಡಿಕ್ಕಿಯಿಂದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ತೆಗೆದಳು. ತರಲು ನಾನು ಹೇಳಿರಲಿಲ್ಲ. ಆಕೆಯದು ಬೆಳಗಾದರೆ ಲಿಂಗಪೂಜೆ ಮಾಡುವ ಮನೆ, ಸತ್ತವರಿಗೆ ಮಂಚ ಕೊಡುವ ಪದ್ಧತಿ ಅವರಲ್ಲಿಲ್ಲ. ಅದನ್ನೂ ಆಕೆ ಮುಚ್ಚಿಡಲಿಲ್ಲ.

"ನಮ್ಮ ಕಡೆ ಇದೆಲ್ಲ ಗೊತ್ತಿಲ್ಲ ಶಾಸ್ತ್ರಿಗಳೇ. ನೀವು ಹೇಳ್ಕೊಟ್ಟ ಹಾಗೆ ಹೇಳ್ತೀನಿ, ತಪ್ಪಾದ್ರೆ ತಿದ್ದಿ."

ನನ್ನ ಮುಂದೆ ಗಂಟು ಮುಖ ಹಾಕಿಕೊಂಡು ಕೂತಿದ್ದವರು ನಕ್ಕರು. ಮಂತ್ರವನ್ನು ಪಕ್ಕಕ್ಕಿಟ್ಟು ಕನ್ನಡದಲ್ಲೇ ಹೇಳಿಕೊಟ್ಟರು. ಆಕೆ ಒಂದೊಂದೇ ಮಾತು ಹೇಳುತ್ತ, ಎಂದೂ ನೋಡದ ಹಿರಿಯರ ಹೆಸರು ಬಂದಾಗ ಕಣ್ಣು ಮುಚ್ಚಿ, ನೀರು ಬಿಟ್ಟಳು. ನಾನು ಮಾಡಿದ್ದರೆ ಅವಸರ ಮಾಡುತ್ತಿದ್ದೆ. ಆಮೇಲೆ ಶಾಸ್ತ್ರಿಗಳು ಮಂಚವನ್ನು ಸಮಾಜಕ್ಕೆ ಕೊಟ್ಟರು, ತಮ್ಮ ತಾಯಿಯ ಹೆಸರು ಅದರ ಮೇಲಿದ್ದರೆ ಸಂತೋಷ ಎಂದರು. ತಲೆಯ ಪಟ್ಟಿಯ ಮೇಲೆ ದೊಡ್ಡದಾಗಿ ಬರೆಸುತ್ತೇವೆ ಎಂದು ಆಕೆ ಒಪ್ಪಿಕೊಂಡಳು. ನನ್ನ ಕಡೆ ನೋಡಿಯೂ ನೋಡಲಿಲ್ಲ. ನೆನಪಿಗೊಂದು ಫೋಟೊ ಬೇಕಿತ್ತು. ಆಕೆ, ಶಾಸ್ತ್ರಿಗಳು, ನಡುವೆ ಮಂಚ. ತೆಗೆದವಳು ನಾನು.

ಅಲ್ಲಿಂದಲೇ ತ್ಯಾಗರಾಜನಗರದ ತಾಯಿಗೆ ಶಾಸ್ತ್ರಿಗಳ ಬಾಯಿಂದಲೇ ಫೋನಿನಲ್ಲಿ ಹೇಳಿಸಿದೆ, ದಾನ ಕೆಡಲಿಲ್ಲ ಎಂದು. ಇದೊಂದು ನನ್ನದೇ ಯೋಚನೆ. ಕಾರ್ಯದರ್ಶಿಗೆ ಹೊಳೆದಿರಲಿಲ್ಲ ಎಂದು ಇವತ್ತಿಗೂ ಜ್ಞಾಪಿಸಿಕೊಂಡು ಸುಖಪಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಗೂಡ್ಸ್ ಆಟೊದಲ್ಲಿ ಮಂಚ ಟೀಚರ್ ಮನೆಗೆ ಹೋಯಿತು. ಹಗ್ಗ ಬಿಚ್ಚಿ, ತೂತುಗಳಿಗೆ ನನ್ನ ಡಬ್ಬಿಯಲ್ಲಿದ್ದ ಬೋಲ್ಟ್ ಹಾಕಿ ನೋಡಿದರೆ ಹೊಂದುತ್ತಿಲ್ಲ. ಓಣಿಯಲ್ಲಿ ಒರಗಿಸಿಟ್ಟಾಗ ಚೌಕಟ್ಟಿನಲ್ಲಿ ಬೋಲ್ಟ್ ಕೂರುವ ಒಂದು ಕಿವಿ ಬಗ್ಗಿತ್ತು. ವೆಲ್ಡಿಂಗ್ ಅಂಗಡಿಯವನನ್ನು ಕೆಲಸದ ನಡುವೆ ಎಬ್ಬಿಸಿಕೊಂಡು ಬಂದೆ. ಅವನು ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದ. ತಲೆಯ ತುಂಡು ಮೊದಲು, ಕಾಲಿನ ತುಂಡು ಆಮೇಲೆ ಎಂದು ನಾನು ಕೆಳಗಿನಿಂದ ಕೂಗಿ ಹೇಳುತ್ತಿದ್ದೆ, ಹಿಂದುಮುಂದಾದರೆ ಮೇಲೆ ಕೋಣೆಯೊಳಗೆ ತಿರುಗಿಸಲು ಜಾಗವಿಲ್ಲ. ಜೋಡಿಸಿ, ಬಿಗಿದು, ನಾನೇ ಮಲಗಿ ನೋಡಿದೆ. ಹಿಡಿ ತಿರುಗಿಸಿದರೆ ತಲೆಯ ಕಡೆ ಸರಾಗವಾಗಿ ಏರಿತು. ಕೈ ತುಂಬ ಗ್ರೀಸ್.

ಟೀಚರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿ ತಂದರು. ಮಂಚದ ಮೇಲೆ ಮಲಗಿಸಿ, ತಲೆ ಏರಿಸಿ, ಬೆನ್ನಿಗೆ ದಿಂಬು ಕೊಟ್ಟಾಗ ಅವರು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಆ ಉಸಿರಿಗಾಗಿಯೇ ನಾನು ಈ ಕೆಲಸ ಮಾಡುವುದು. ಅವರು ಕಣ್ಣು ಬಿಟ್ಟು ಕೋಣೆಯಲ್ಲಿ ಯಾರನ್ನೋ ಹುಡುಕಿದರು.

"ಕಾರ್ಯದರ್ಶಿ ಮೇಡಂ ಬರ್ಲಿಲ್ವಾ? ಆಸ್ಪತ್ರೆಗೆ ದಿನಾ ಬಂದು ಕಾಲು ಒತ್ತಿ ಹೋಗೋರು. ಮಂಚ ತರಿಸ್ತೀನಿ ಅಂದಿದ್ರು, ತರಿಸಿದ್ರು ನೋಡಿ."

ಆಕೆ ಆಸ್ಪತ್ರೆಗೆ ಹೋಗುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅದರ ಫೋಟೊ ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ ಬಂದಿರಲಿಲ್ಲ. ಮಂಚದ ಹಿಂದೆ ಬಿದ್ದು ನಾನು ಒಂದು ದಿನವೂ ಟೀಚರನ್ನು ನೋಡಲು ಹೋಗಿರಲಿಲ್ಲ. ಫೋಟೊಗಾಗಿ ಕೆಲಸ ಮಾಡುವವಳು ಎಂದು ಆಕೆಯನ್ನು ಬೈಯುವುದರಲ್ಲಿ ನನಗೊಂದು ನೆಮ್ಮದಿಯಿತ್ತು. ಅದನ್ನೂ ಆಕೆ ಕಿತ್ತುಕೊಂಡಳು. ಹೇಳುತ್ತೇನೆ ಎಂದು ಟೀಚರಿಗೆ ಹೇಳಿ, ಬಚ್ಚಲಿಗೆ ಹೋಗಿ ಗ್ರೀಸ್ ತೊಳೆದುಕೊಂಡೆ.

ಮುಂದಿನ ಸಭೆಗೆ ನಾನು ಸಿದ್ಧಳಾಗಿಯೇ ಹೋಗಿದ್ದೆ. ಕೋಣೆ ಬಿಡುವುದಿಲ್ಲ ಎಂದು ಹೇಳಲು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಜಗಳವಾದರೆ ಆಗಲಿ, ಬೋಲ್ಟ್ ಯಾವುದು, ತಿರುಪು ಯಾವುದು, ಯಾವ ಮನೆಗೆ ಯಾವ ಮಂಚ ಹತ್ತುತ್ತದೆ ಎಂದು ಇಲ್ಲಿ ಯಾರಿಗೆ ಗೊತ್ತು ಎಂದು ಕೇಳಬೇಕೆಂದಿದ್ದೆ. ಆಕೆ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ವರದಿ ಓದಲು ಎದ್ದವಳು ಮೊದಲೇ ಮಂಚದ ಕಥೆಯನ್ನು ಶುರುವಿನಿಂದ ಹೇಳಿದಳು. ಎಲ್ಲವನ್ನೂ ನನ್ನ ಹೆಸರಿನಲ್ಲೇ ಹೇಳಿದಳು, ಗೇಟಿನ ಹೊರಗೆ ನಾನು ಬಿಸಿಲಲ್ಲಿ ಕಾಯುತ್ತ ನಿಂತದ್ದನ್ನೂ ಸೇರಿಸಿ. ಸ್ಟಿಕರಿನ ಮಾತು ಅಲ್ಲೂ ಬರಲಿಲ್ಲ.

"ಆ ಕೋಣೆ ಚಿಕ್ಕೋರು ನೋಡ್ಕೊಳ್ತೀವಿ ಅಂದಿದ್ದೆ. ನನ್ನ ಮಾತು ವಾಪಸ್ ತಗೊಳ್ತೀನಿ. ಅಕ್ಕ ಇರೋ ತನಕ ಆ ಕೋಣೆ ಅಕ್ಕಂಗೇ ಇರ್ಲಿ, ಎಲ್ಲರೂ ಒಪ್ಪಿ."

ಚಪ್ಪಾಳೆ ಬಿತ್ತು. ನಾನು ಬೆಳೆಸಿದ ಕೋಣೆ, ನನ್ನ ಕೀಲಿ, ನನ್ನ ಮಂಚಗಳು. ಆಕೆಯದಲ್ಲದ್ದನ್ನು ಆಕೆ ನನಗೆ ಕೊಡುತ್ತಿದ್ದಳು, ಅದೂ ಮನಸಾರೆ, ಕಣ್ಣಲ್ಲಿ ನೀರು ತುಂಬಿಕೊಂಡು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ಎದ್ದು ನಿಂತೆ, ಎರಡೂ ಕೈ ಜೋಡಿಸಿ ತೆಗೆದುಕೊಂಡೆ.